ಹೊಸ ಮೇಣದ ಬಣ್ಣ

ಪಿರೇಯಸ್
ಶನಿವಾರ, 8 ಫೆಬ್ರವರಿ 1986

ಪ್ರೀತಿಯ ಪೋಲಿಕ್ಸೇನಿ ಅಕ್ಕನಿಗೆ,

ಸಂಜೆ ಆರೂಕಾಲು. ಈಗಷ್ಟೇ ಸ್ಮಶಾನದಿಂದ ಬಂದು ಕೈಕಾಲು ತೊಳೆದು ಕೂತಿದ್ದೇನೆ. ಇವತ್ತು ಪಕ್ಕದ ಮನೆಯ ರಿನಿಯ ಅಮ್ಮನ ಮೂಳೆ ಎತ್ತಿದರು. ಮಣ್ಣಿಗಿಟ್ಟು ಮೂರು ವರ್ಷ ತುಂಬಿತ್ತು. ಒಬ್ಬಳೇ ಹೋಗಲಾರೆ ಎಂದು ರಿನಿ ನನ್ನನ್ನು ಕರೆದಳು. ಅಗೆಯುವವನು ಕೆಳಗಿನಿಂದ ಒಂದೊಂದಾಗಿ ಕೊಟ್ಟ. ಅವಳು ಬೋಗುಣಿಯಲ್ಲಿ ಕೆಂಪು ವೈನು ಹಾಕಿಕೊಂಡು ಒಂದೊಂದನ್ನೂ ತೊಳೆದಳು, ಹಸುಗೂಸಿಗೆ ಸ್ನಾನ ಮಾಡಿಸುವ ಹಾಗೆ. ಬಿಳಿ ಬಟ್ಟೆಯ ಮೇಲೆ ಬಿಸಿಲಿಗೆ ಇಟ್ಟೆವು. ಹಳದಿಯಾಗಿದ್ದವು. ಸುತ್ತ ನಿಂತ ಹೆಂಗಸರು, "ನೋಡೇ, ಹೊಸ ಮೇಣದ ಬಣ್ಣ! ನಿಮ್ಮಮ್ಮ ಸೀದಾ ದೇವರ ಹತ್ರಾನೇ ಹೋಗಿದಾಳೆ" ಎಂದರು. "ಹೋಗಿರ್ತಾಳೆ. ಅಲ್ಲೂ ಯಾರ ಜೊತೆಗೋ ಜಗಳ ತೆಗೆದಿರ್ತಾಳೆ" ಎಂದಳು ರಿನಿ. ನಕ್ಕಳು, ಆಮೇಲೆ ಅತ್ತಳು.

ಬರುವ ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ನಿಮ್ಮ ತಮ್ಮ ಅರ್ಗೀರಿಸ್ ಹೋಗಿ ಮೂರು ವರ್ಷ. ಅದಕ್ಕೇ ನಿನ್ನೆ ಅಂಗಡಿಯ ಮಾಲೀಕರನ್ನು ಒಂದು ವಾರ ರಜೆ ಕೇಳಿದೆ. ಇಪ್ಪತ್ತೆರಡು ವರ್ಷದಿಂದ ಅವರ ಅಂಗಡಿಯಲ್ಲಿ ಹಡಗಿನ ಬಾವುಟ ಹೊಲಿಯುತ್ತಿದ್ದೇನೆ, ಒಟ್ಟಿಗೆ ಒಂದು ವಾರ ಕೇಳಿದ್ದು ಇದೇ ಮೊದಲು. "ಒಂದು ವಾರನಾ? ಏನಮ್ಮ, ಮದುವೆ ಗಿದುವೆ ಇದೆಯಾ?" ಎಂದರು. ಗಂಡನ ಮೂಳೆ ಎತ್ತುವುದಿದೆ ಎಂದೆ. ಆಮೇಲೆ ಅವರೇ ನಾಚಿಕೊಂಡು ಕೊಟ್ಟರು.

ಅರ್ಗೀರಿಸ್ ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದರು: "ಮುಂದಿನ ವರ್ಷ ಒಂದು ವಾರ ನಮ್ಮ ಕಡಲಿಗೆ ಹೋಗೋಣ ಕಣೇ, ನಿನಗೆ ಈಜು ಕಲಿಸ್ತೀನಿ." ಇಪ್ಪತ್ತಾರು ವರ್ಷ ಹೇಳಿದರು. ಕೊನೆಗೆ ನಾನು ಬಂದದ್ದು ಶವದ ಗಾಡಿಯಲ್ಲಿ ಅವರ ಪಕ್ಕ ಕೂತು. ಮರುದಿನವೇ ಹಿಂದಿರುಗಿದೆ. ನಿಮ್ಮೂರಿನ ಕಡಲನ್ನು ನಾನು ನೋಡಿಯೇ ಇಲ್ಲ ಎಂದರೂ ಸರಿ.

ನನಗೆ ಬೇಕಾದದ್ದು ಒಂದೇ. ಅವರ ಮೂಳೆಯನ್ನು ನನ್ನ ಕೈಯಿಂದ ತೊಳೆಯಬೇಕು, ನೀವೂ ಜೊತೆಗಿರಬೇಕು. ಇನ್ನೊಂದು ಮಾತು, ಬೇಡವೆಂದರೆ ಬೇಡ. ತೊಳೆದ ಮೂಳೆಯ ಪೆಟ್ಟಿಗೆಗಳನ್ನು ಇಡುವ ಇಲ್ಲಿಯ ಮೂಳೆಮನೆಯಲ್ಲಿ ಕಿಟಕಿಯ ಬಳಿ ಒಂದು ಗೂಡು ಖಾಲಿ ಇದೆ. ನಾನು ಕೆಲಸದಿಂದ ಬರುವ ದಾರಿ. ಅವರನ್ನು ಇಲ್ಲಿಗೆ ತಂದರೆ ಸಂಜೆ ಹೊತ್ತು ದೀಪ ಹಚ್ಚಬಹುದು. ಮಕ್ಕಳಿಲ್ಲದವಳಿಗೆ ಸಂಜೆ ಬೇರೇನು ಕೆಲಸ? ಕೇಳುತ್ತಿದ್ದೇನೆ ಅಷ್ಟೆ. ನಿಮ್ಮ ಒಪ್ಪಿಗೆಯಿಲ್ಲದೆ ಏನೂ ಮಾಡುವುದಿಲ್ಲ.

ನಿಮ್ಮ
ಸ್ತಮಾತಾ


ಲಿಯೋತ್ರಿವಿ
ಗುರುವಾರ, 20 ಮಾರ್ಚ್ 1986

ಸ್ತಮಾತಾ,

ಉತ್ತರ ತಡವಾಯಿತು, ಬೈದುಕೋ. ಬೆರಳುಗಳು ಬಾತುಕೊಂಡಿವೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಬಾ. ಆದರೆ ಒಂದು ದಿನ ಕಪ್ಪು ಬಟ್ಟೆಯಲ್ಲಿ ಬಂದು ಅತ್ತು ಓಡಿಹೋಗುವುದಾದರೆ ಬರಬೇಡ. ವಾರವೆಂದರೆ ಪೂರ್ತಿ ವಾರ. ಸೋಮವಾರ ಹದಿನೈದಕ್ಕೆ ಬರುವುದು, ಭಾನುವಾರ ಇಪ್ಪತ್ತೊಂದಕ್ಕೆ ಹೋಗುವುದು. ಅಷ್ಟರಲ್ಲಿ ಬಾಡಿಗೆ ಕೋಣೆಯ ಜರ್ಮನ್ ಪ್ರವಾಸಿಗರೆಲ್ಲ ಹೋಗಿರುತ್ತಾರೆ, ಕಡಲ ಕಡೆಯ ಕೋಣೆ ನಿನಗೆ. ಸೆಪ್ಟೆಂಬರಿನಲ್ಲಿ ನಮ್ಮ ಕಡಲು ಕಾಸಿ ಆರಿಸಿದ ಹಾಲಿನ ಹಾಗಿರುತ್ತದೆ.

ನಾನು ಪಟ್ಟಿ ಮಾಡಿದ್ದೇನೆ. ಸೋಮವಾರ ನೀನು ನಿದ್ದೆ ಮಾಡಬೇಕು, ಬೇರೇನೂ ಇಲ್ಲ. ಮಂಗಳವಾರ ಕೊಲ್ಲಿಯ ಆಚೆ ಮೊನೆಂವಸ್ಯಾ ಬಂಡೆಯ ಹಳೇ ಊರಿಗೆ ಹೋಗೋಣ, ಕೋಟೆಯ ಬಾಗಿಲಿನಿಂದ ಮೇಲಿನ ಇಗರ್ಜಿಯವರೆಗೆ ನಿನ್ನನ್ನು ಹತ್ತಿಸುತ್ತೇನೆ. ಅರ್ಗೀರಿಸ್ ಚಿಕ್ಕವನಿದ್ದಾಗ ಆ ಗೋಡೆಯ ಮೇಲೆ ಓಡುತ್ತಿದ್ದ, ನಾನು ಕೆಳಗೆ ನಿಂತು ಕಿರುಚುತ್ತಿದ್ದೆ. ಬುಧವಾರ ನೀರಿಗೆ ಇಳಿಯುವುದು. ಗುರುವಾರ ಆಕ್ಟೋಪಸ್, ಮಾಂಸ ಮೆತ್ತಗಾಗಲು ಅದನ್ನು ಬಂಡೆಗೆ ನಲವತ್ತು ಸಲ ಬಡಿಯಬೇಕು, ನೀನೇ ಬಡಿ, ಮನಸ್ಸು ಹಗುರಾಗುತ್ತದೆ. ಶುಕ್ರವಾರ ಸ್ಮಶಾನ. ಉಳಿದ ಎರಡು ದಿನ ಆಮೇಲೆ ನೋಡೋಣ.

ಗೂಡಿನ ಮಾತು ಪತ್ರದಲ್ಲಿ ಬೇಡ. ಬಂದಾಗ ಕೂತು ಮಾತಾಡೋಣ.

ಪೋಲಿಕ್ಸೇನಿ


ಪಿರೇಯಸ್
ಭಾನುವಾರ, 6 ಏಪ್ರಿಲ್ 1986

ಪ್ರೀತಿಯ ಅಕ್ಕ,

ನಿಮ್ಮ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಮೊಳೆ ಹೊಡೆದು ಹಾಕಿದ್ದೇನೆ. ಕಾಫಿ ಕುದಿಯುವಷ್ಟು ಹೊತ್ತು ಅದನ್ನೇ ಓದುತ್ತೇನೆ.

ನಿನ್ನೆ ರಿನಿ ನನ್ನನ್ನು ಎಳೆದುಕೊಂಡು ಹೋಗಿ ಈಜುಡುಗೆ ಕೊಡಿಸಿದಳು. ಐವತ್ತೇಳು ವರ್ಷಕ್ಕೆ ಮೊದಲ ಈಜುಡುಗೆ. ಅಂಗಡಿಯ ಹುಡುಗಿ ನೀಲಿಯದನ್ನು ತೋರಿಸಿದಳು. ರಿನಿ ಬಿಡಲಿಲ್ಲ: "ಕಪ್ಪುದೇ ಕೊಡಮ್ಮ. ವಿಧವೆ ಮುಳುಗಿದರೂ ಮರ್ಯಾದೆಯಿಂದ ಮುಳುಗಬೇಕು." ಆ ಹುಡುಗಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ನಾನು ನಕ್ಕೆ. ಮೂರು ವರ್ಷದಲ್ಲಿ ಬೀದಿಯಲ್ಲಿ ನಕ್ಕಿದ್ದು ಇದೇ ಮೊದಲಿರಬೇಕು.

ಮೂಳೆಯ ಪೆಟ್ಟಿಗೆಯನ್ನೂ ಮಾಡಲು ಹೇಳಿದೆ. ಅವರು ಇಲ್ಲಿರಲಿ, ಅಲ್ಲಿರಲಿ, ಪೆಟ್ಟಿಗೆ ಬೇಕೇ ಬೇಕಲ್ಲ. ಬಡಗಿ ಕೇಳಿದ:

"ಎಷ್ಟುದ್ದ ಬೇಕಮ್ಮ?"

"ಎಲ್ಲರಿಗೂ ಮಾಡೋ ಅಷ್ಟು."

"ಹಂಗಾಗಲ್ಲ. ತೊಡೆಮೂಳೆ ಹಿಡೀಬೇಕಲ್ಲ ಅದರೊಳಗೆ. ಯಜಮಾನ್ರು ಎಷ್ಟೆತ್ತರ ಇದ್ರು?"

"ನಮ್ಮನೆ ಬಾಗಿಲಿಗೆ ತಲೆ ಬಗ್ಗಿಸೋರು."

"ಹಂಗಾದ್ರೆ ಐವತ್ತೈದು ಸೆಂಟಿಮೀಟರ್ ಇಡ್ತೀನಿ. ಇಕ್ಕಟ್ಟು ಯಾರಿಗೂ ಆಗಲ್ಲ."

ಆಕ್ರೋಟಿನ ಮರ. ಹೆಸರನ್ನು ನಾನೇ ಬಾವುಟದ ದಾರದಿಂದ ಒಳಗಿನ ಬಟ್ಟೆಯ ಮೇಲೆ ಹೊಲಿಯುತ್ತೇನೆ.

ಅಕ್ಕ, ಒಂದು ಬೇಡಿಕೆ. ಶುಕ್ರವಾರದ ಕೆಲಸವನ್ನು ಮಂಗಳವಾರಕ್ಕೆ ತನ್ನಿ. ಅದು ಮುಗಿಯುವವರೆಗೆ ನನಗೆ ಕಡಲು ಕಾಣುವುದಿಲ್ಲ. ಮುಗಿದ ಮೇಲೆ ನೀವು ಹೇಳಿದ್ದೆಲ್ಲ ಮಾಡುತ್ತೇನೆ, ಆಕ್ಟೋಪಸ್ಸನ್ನೂ ಬಡಿಯುತ್ತೇನೆ.

ನಿಮ್ಮ
ಸ್ತಮಾತಾ


ಲಿಯೋತ್ರಿವಿ
ಭಾನುವಾರ, 25 ಮೇ 1986

ಸ್ತಮಾತಾ,

ಮಂಗಳವಾರ ಆಗುವುದಿಲ್ಲ. ನಮ್ಮ ಪಾದ್ರಿ ಮಂಗಳವಾರಗಳಂದು ಕಣ್ಣಿನ ಡಾಕ್ಟರರ ಬಳಿ ಹೋಗುತ್ತಾರೆ. ಪಾಪ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಮೊನ್ನೆ ಹಬ್ಬದ ದಿನ ನನ್ನನ್ನು ನನ್ನ ಅತ್ತೆಯ ಹೆಸರಿನಿಂದ ಹರಸಿದರು. ಆಕೆ ಸತ್ತು ಹದಿನಾರು ವರ್ಷವಾಯಿತು. "ಪಾದ್ರಿಗಳೇ, ನಾನಿನ್ನೂ ಇದ್ದೀನಿ" ಎಂದೆ. "ಇರು ಇರು, ಯಾರು ಬೇಡ ಅಂದರು" ಎಂದರು.

ಶುಕ್ರವಾರಕ್ಕೂ ಬೇರೆ ಯೋಚನೆ ಬಂದಿದೆ. ಅವತ್ತು ಕೀಥಿರಾ ದ್ವೀಪಕ್ಕೆ ದೋಣಿ ಹೋಗುತ್ತದೆ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಅಲ್ಲಿ ಜೇನು ಚೆನ್ನಾಗಿರುತ್ತದೆ. ಸ್ಮಶಾನಕ್ಕೆ ಶನಿವಾರ ಹೋದರಾಯಿತು, ಭಾನುವಾರವಾದರೂ ಆಯಿತು. ಮೂರು ವರ್ಷ ಕಾದವಳಿಗೆ ಮೂರು ದಿನ ಹೆಚ್ಚೇ? ಮೊದಲು ಉಣ್ಣು, ಮಲಗು, ಮುಖಕ್ಕೆ ಸ್ವಲ್ಪ ಬಣ್ಣ ಬರಲಿ. ಸತ್ತವರು ಎಲ್ಲಿಗೂ ಓಡುವುದಿಲ್ಲ.

ನಿನ್ನ ಕೋಣೆಗೆ ಸುಣ್ಣ ಹೊಡೆಸಿದೆ. ಕಿಟಕಿಯಲ್ಲಿ ಕಾಮಕಸ್ತೂರಿ ಇಟ್ಟಿದ್ದೇನೆ.

ಪೋಲಿಕ್ಸೇನಿ


ಪಿರೇಯಸ್
ಭಾನುವಾರ, 13 ಜುಲೈ 1986

ಪ್ರೀತಿಯ ಅಕ್ಕ,

ಸೆಕೆ ಎಂದರೆ ಸೆಕೆ. ಅಂಗಡಿಯಲ್ಲಿ ಸೂಜಿ ಜಾರುತ್ತದೆ. ಎಲ್ಲರೂ ರಜೆಯ ಮಾತಾಡುತ್ತಾರೆ, ಈ ವರ್ಷ ನಾನೂ ಆಡುತ್ತೇನೆ. "ನಿಮ್ಮದು ಯಾವಾಗ?" ಎಂದರೆ "ಹದಿನೈದಕ್ಕೆ, ಒಂದು ವಾರ" ಎನ್ನುತ್ತೇನೆ. ಹೇಳುವಾಗ ನನ್ನದೇ ಧ್ವನಿ ಬೇರೆಯವರದ್ದರಂತೆ ಕೇಳುತ್ತದೆ.

ಆಗಲಿ, ಶನಿವಾರವೇ ಇರಲಿ. ನೀವು ದಿನವನ್ನು ಮುಂದೆ ಹಾಕಿದಾಗ ನನಗೆ ಕೋಪ ಬರಬೇಕಿತ್ತು, ಬರಲಿಲ್ಲ. ಯಾಕೆಂದು ಬಹಳ ದಿನ ಯೋಚಿಸಿದೆ. ನನಗೆ ಹೆದರಿಕೆ ಇದೆ, ಅದಕ್ಕೆ.

ಇದನ್ನು ಯಾರಿಗೂ ಹೇಳಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ದಿನ ಬೆಳಿಗ್ಗೆ ಪಾದ್ರಿ ಪಾಪ ಕಳೆಯುವ ಕೊನೆಯ ಪರಮಪ್ರಸಾದ ತಂದಿದ್ದರು. ಅರ್ಗೀರಿಸ್ ನಿದ್ದೆಯಲ್ಲಿದ್ದರು. ಕಣ್ಣು ಬಿಟ್ಟು ಪಾದ್ರಿಯನ್ನು ಕಂಡರೆ ಎಲ್ಲ ಮುಗಿಯಿತೆಂದು ಗಾಬರಿಯಾಗುತ್ತಾರೆ ಅನ್ನಿಸಿತು. ಬಾಗಿಲಲ್ಲೇ ತಡೆದು, "ನಾಳೆ ಬನ್ನಿ ಪಾದ್ರಿಗಳೇ, ಇವತ್ತು ಸ್ವಲ್ಪ ಗೆಲುವಾಗಿದಾರೆ" ಎಂದೆ. ಅವರು ಹೋದರು. ಮಧ್ಯಾಹ್ನ ಇವರೂ ಹೋದರು.

ಮೂಳೆ ಕಪ್ಪಾಗಿದ್ದರೆ, ಅಕ್ಕ? ಹೆಂಗಸರು ಏನನ್ನುತ್ತಾರೆಂದು ನಿಮಗೆ ಗೊತ್ತಲ್ಲ, ಪಾಪ ಕಳೆಯದೆ ಹೋದವರದು ಕಪ್ಪಾಗಿರುತ್ತದಂತೆ. ಅವರದು ಏನು ಪಾಪ? ಮಾಡಿದವಳು ನಾನು. ಮಣ್ಣು ತೆಗೆದಾಗ ಕಪ್ಪು ಕಂಡರೆ ಅವರನ್ನು ನಾನೇ ನರಕಕ್ಕೆ ಕಳಿಸಿದ ಹಾಗಾಯಿತು. ಆದರೂ ನೋಡಲೇಬೇಕು. ನೋಡದೆ ಇನ್ನು ನನಗೆ ನಿದ್ದೆಯಿಲ್ಲ.

ನಿಮ್ಮ
ಸ್ತಮಾತಾ


ಲಿಯೋತ್ರಿವಿ
ಭಾನುವಾರ, 3 ಆಗಸ್ಟ್ 1986

ನನ್ನ ಸ್ತಮಾತಾ,

ನಿನ್ನ ಪತ್ರ ಓದಿ ಒಲೆಯ ಮೇಲಿದ್ದ ಬೀನ್ಸ್ ಸೀದುಹೋಯಿತು. ಇದನ್ನು ಮೂರು ವರ್ಷ ಒಬ್ಬಳೇ ಹೊತ್ತುಕೊಂಡಿದ್ದೆಯಾ?

ಹುಚ್ಚಿ, ಹೆದರಬೇಡ. ನಮ್ಮ ಅರ್ಗೀರಿಸನ ಮೂಳೆ ಹೊಸ ಮೇಣದ ಬಣ್ಣ. ತಲೆಯಿಂದ ಕಾಲಿನವರೆಗೆ ಒಂದು ಕಡೆಯೂ ಕಪ್ಪಿಲ್ಲ. ನಮ್ಮ ಅಮ್ಮನ ಆತ್ಮದ ಮೇಲೆ ಆಣೆ. ಈಗ ಮಲಗು, ನಿದ್ದೆ ಮಾಡು.

ಬರುವಾಗ ದಪ್ಪ ಚಪ್ಪಲಿ ತಾ, ನಮ್ಮ ದಡದಲ್ಲಿ ಕಡಲಮುಳ್ಳು ಹೆಚ್ಚು. ಮೀನು ಇಲ್ಲಿದೆ, ವೈನು ಇದೆ, ಏನೂ ಹೊತ್ತು ತರಬೇಡ.

ಪೋಲಿಕ್ಸೇನಿ


ಪಿರೇಯಸ್
ಶನಿವಾರ, 9 ಆಗಸ್ಟ್ 1986

ಅಕ್ಕ,

ನಿಮ್ಮ ಪತ್ರ ಗುರುವಾರ ಬಂತು. ಓದಿ ಕಾಗದಕ್ಕೆ ಮುತ್ತು ಕೊಟ್ಟೆ. ಅವತ್ತು ರಾತ್ರಿ ಎಂಟಕ್ಕೆ ಮಲಗಿದವಳು ಬೆಳಿಗ್ಗೆ ಆರಕ್ಕೆ ಎದ್ದೆ.

ಶುಕ್ರವಾರ ಬಟ್ಟೆ ಒಣಹಾಕುವಾಗ ರಿನಿಗೆ ಹೇಳಿದೆ, ಅಕ್ಕ ಹೀಗೆ ಬರೆದಿದ್ದಾರೆ, ಮೇಣದ ಬಣ್ಣವಂತೆ ಎಂದು. ಅವಳು ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ಕೇಳಿದಳು:

"ಅವರಿಗೆ ಹೆಂಗೆ ಗೊತ್ತಂತೆ?"

ರಿನಿ ನನ್ನ ಮುಖ ನೋಡಿ, "ಬಿಡು, ನನಗ್ಯಾಕೆ ಬೇಕಿತ್ತು ಈ ಮಾತು" ಎಂದು ಒಳಗೆ ಹೋದಳು.

ನಿಮಗೆ ಹೇಗೆ ಗೊತ್ತು?

ಸ್ತಮಾತಾ


ಲಿಯೋತ್ರಿವಿ
ಭಾನುವಾರ, 17 ಆಗಸ್ಟ್ 1986

ಸ್ತಮಾತಾ,

ದೇವಮಾತೆಯ ಹಬ್ಬ ಮುಗಿಯಲಿ ಎಂದು ಕಾದೆ. ಹಬ್ಬದ ಮುಂಚೆ ಇದನ್ನು ಬರೆಯಲು ಕೈ ಬರಲಿಲ್ಲ.

ಮಾರ್ಚ್ ಹದಿನೈದು, ಉಪವಾಸಕ್ಕೆ ಮುಂಚಿನ ಆತ್ಮಗಳ ಶನಿವಾರ, ಮೂರು ವರ್ಷ ತುಂಬುವ ಮುಂಚೆಯೇ ನಾನು ಅವನ ಮೂಳೆ ಎತ್ತಿಸಿದೆ. ಅಗೆಯುವವನು ಮೇಲಿನ ಮಣ್ಣು ತೆಗೆದು ಹೋದ. ಉಳಿದದ್ದನ್ನು ನಾನೊಬ್ಬಳೇ ಬೆರಳಿನಿಂದ ತೆಗೆದೆ. ಬೆರಳು ಬಾತದ್ದು ಅದರಿಂದಲೇ. ತೊಳೆದೆ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಮೇಲೆ ಪಾದ್ರಿಯನ್ನು ಕರೆದೆ. "ಹೆಂಡತಿಗೆ ತಿಳಿಸಿದೀಯೇನಮ್ಮ?" ಎಂದು ಕೇಳಿದರು. "ತಿಳಿಸಿದೀನಿ" ಎಂದೆ. ಇಗರ್ಜಿಯ ಬಾಗಿಲಲ್ಲೇ ನಿಂತು ಹೇಳಿದೆ. ಅವರು ಪ್ರಾರ್ಥನೆ ಮುಗಿಸಿದರು. ನಾನು ಗಂಟು ಬಿಚ್ಚಿ ಊರಿನ ಮೂಳೆಬಾವಿಗೆ ಸುರಿದೆ. ನಮ್ಮ ಅಪ್ಪ, ಅಮ್ಮ, ಅಜ್ಜ ಎಲ್ಲರೂ ಅಲ್ಲೇ ಇದ್ದಾರೆ. ಇನ್ನು ಅವನನ್ನು ಬೇರೆ ಮಾಡಲು ಯಾರಿಗೂ ಆಗುವುದಿಲ್ಲ. ಆಗಬಾರದೆಂದೇ ಸುರಿದೆ.

ನೀನು ಕಿಟಕಿಯ ಬಳಿಯ ಗೂಡು ಎಂದು ಬರೆದೆಯಲ್ಲ, ಅದಕ್ಕೇ ಹೀಗೆ ಮಾಡಿದೆ. ಅವನಿಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ಹೋದಳು. ನನಗೆ ಹನ್ನೊಂದು. ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಹತ್ತೊಂಬತ್ತಕ್ಕೆ ಪಿರೇಯಸ್ಸಿಗೆ ಹೋದ, ಅಲ್ಲಿ ನೀನು ಸಿಕ್ಕಿದೆ, ಮತ್ತೆ ಬರಲಿಲ್ಲ. ಸಾಯುವಾಗ "ಊರಲ್ಲಿ ಮಣ್ಣು ಮಾಡಿ" ಎಂದನೆಂದು ನೀನೇ ಹೇಳಿದೆ. ಬಂದವನನ್ನು ಎರಡನೇ ಸಲ ಕಳಿಸಿಕೊಡಲು ನನ್ನಿಂದಾಗಲಿಲ್ಲ.

ವಾರದ ಕೊನೆಗೆ ಹೇಳೋಣ ಎಂದುಕೊಂಡಿದ್ದೆ. ನೀನು ಉಂಡು, ನೀರಿಗಿಳಿದು, ಸ್ವಲ್ಪ ನಕ್ಕ ಮೇಲೆ. ಪಟ್ಟಿ ಬರೆಯುವಾಗಲೆಲ್ಲ ನೀನು ಬರುತ್ತೀಯೆಂದು ನಿಜವಾಗಿ ಸಂತೋಷವಾಗುತ್ತಿತ್ತು. ಅದು ನಾಟಕವಲ್ಲ. ಬಣ್ಣದ ಮಾತೂ ಸುಳ್ಳಲ್ಲ. ಅದೊಂದನ್ನು ನಂಬು.

ಕೋಣೆ ಹಾಗೇ ಇದೆ. ಬಾ. ಬಂದು ಹೊಡಿ ಬೇಕಾದರೆ.

ಪೋಲಿಕ್ಸೇನಿ


ಮೊನೆಂವಸ್ಯಾ ಬಂಡೆ
ಶನಿವಾರ, 20 ಸೆಪ್ಟೆಂಬರ್ 1986

ಪೋಲಿಕ್ಸೇನಿ ಅಕ್ಕ,

ಸಂಜೆ ಐದು ಗಂಟೆ. ನಾಳೆ ಅರ್ಗೀರಿಸ್ ಹೆಸರಿನಲ್ಲಿ ಹಂಚಲು ಇವತ್ತು ಬೆಳಿಗ್ಗೆ ಗೋಧಿ ಬೇಯಿಸಿದೆ, ಮಧ್ಯಾಹ್ನವೆಲ್ಲ ಅದಕ್ಕೆ ದಾಳಿಂಬೆ ಬಿಡಿಸಿದೆ. ಈ ಪತ್ರವನ್ನು ಬ್ರೆಡ್ಡಿನ ಗಾಡಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ, ಕತ್ತಲಾಗುವ ಮುಂಚೆ ನಿಮ್ಮ ಬಾಗಿಲಿಗೆ ತಂದುಕೊಡುತ್ತಾನೆ. ನಾನು ಸೋಮವಾರದಿಂದ ಇಲ್ಲೇ ಒಂದು ಬಾಡಿಗೆ ಕೋಣೆಯಲ್ಲಿ ಇದ್ದೇನೆ. ರಜೆ ಕೊಟ್ಟಾಗಿತ್ತು, ಅಂಗಡಿಯಲ್ಲಿ ಎಲ್ಲರಿಗೂ ಹೇಳಿಯೂ ಆಗಿತ್ತು. ನನ್ನ ಕಿಟಕಿಯಿಂದ ಕೊಲ್ಲಿಯ ಆಚೆ ನಿಮ್ಮೂರು ಕಾಣುತ್ತದೆ. ಸುಣ್ಣ ಹೊಡೆದ ಮನೆ ಯಾವುದೆಂದು ಹುಡುಕಲಿಲ್ಲ.

ಮನೆಯೊಡತಿ ಒಳ್ಳೆಯವಳು. "ಒಬ್ರೇ ಬಂದ್ರಾ?" ಎಂದಳು. "ಒಬ್ಳೇ" ಎಂದೆ. ಮತ್ತೆ ಕೇಳಲಿಲ್ಲ. ಸೋಮವಾರ ಮಲಗಿದೆ. ಮಂಗಳವಾರ ಮೇಲಿನ ಇಗರ್ಜಿಗೆ ಹತ್ತಿದೆ, ಗೋಡೆಯ ಮೇಲೆ ಕೈಯಿಟ್ಟು ನಿಂತೆ. ಬುಧವಾರ ಮನೆಯೊಡತಿ ನನ್ನನ್ನು ನೀರಿಗೆ ಇಳಿಸಿದಳು. "ಕಾಲು ಬಡೀಬೇಡಿ, ಕತ್ತು ಸಡಿಲ ಬಿಡಿ, ಕಡಲೇ ಹೊತ್ಕೊಳ್ಳುತ್ತೆ" ಎಂದಳು. ಹೊತ್ತುಕೊಂಡಿತು. ಕಿವಿಯೊಳಗೆ ನೀರಿನ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಮೇಲೆ ಬಂದು ಕೂತು ಬಹಳ ಹೊತ್ತು ಅತ್ತೆ. ಇದನ್ನು ಅರ್ಗೀರಿಸ್ ಕಲಿಸಬೇಕಿತ್ತು.

ಗುರುವಾರ ನಿಮ್ಮೂರಿಗೆ ಬಂದೆ. ಗುರುವಾರ ನೀವು ಸಂತೆಗೆ ಹೋಗುತ್ತೀರೆಂದು ಬ್ರೆಡ್ಡಿನವನು ಹೇಳಿದ್ದ. ಪಾದ್ರಿಗೆ ನಾನು ಯಾರೆಂದು ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡೇ ನಿಂತರು. "ನೀನು ಒಪ್ಪಿದ್ದೀ ಅಂತ ಹೇಳಿದಳಲ್ಲಮ್ಮ?" ಎಂದರು. "ಬಾವಿ ತೋರಿಸಿ" ಎಂದೆ. ಅವರಿಗೆ ಅರ್ಥವಾಯಿತು. ಬಾವಿಯ ಕಬ್ಬಿಣದ ಮುಚ್ಚಳವನ್ನು ಇಬ್ಬರೂ ಸೇರಿ ಸರಿಸಿದೆವು.

ನಾನು ನೋಡಿದೆ. ಎಷ್ಟು ತಲೆಮಾರಿನವರೋ. ಹಳದಿಯವೂ ಇವೆ, ಬಿಳಿಯವೂ ಇವೆ, ಕಂದು ಇವೆ, ಕಪ್ಪೂ ಇವೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೇಳಲಾಗದು, ನಿಮ್ಮ ಊರಿನವರು ಜೂನಿನಲ್ಲೂ ಒಬ್ಬರನ್ನು ಸುರಿದಿದ್ದಾರಂತೆ. ಪಾದ್ರಿಯನ್ನು ಕೇಳಿದೆ: "ನೀವು ಅವರ ಮೂಳೆಯ ಬಣ್ಣ ನೋಡಿದಿರಾ?" ಅವರೆಂದರು: "ನನ್ನ ಕಣ್ಣು ಹೀಗಾಗಿದೆಯಲ್ಲ ಮಗಳೇ. ಬಿಳಿ ಗಂಟು ಕಂಡೆ, ಪ್ರಾರ್ಥನೆ ಹೇಳಿದೆ. ಸುಳ್ಳು ಹೇಳಲಾರೆ."

ಅಕ್ಕ, ಅವರು ನಿಮ್ಮವರೂ ಹೌದು. ಬೇಡವೆಂದು ನೀವು ಒಂದು ಸಾಲು ಬರೆದಿದ್ದರೆ ನಾನು ಬೇಡವೆಂದೇ ಇರುತ್ತಿದ್ದೆ. ಕೇಳಿಯೇ ಬರೆದಿದ್ದೆನಲ್ಲ. ಗೂಡು ಹೋಯಿತೆಂದು ನನಗೆ ದುಃಖವಿಲ್ಲ. ಅವರು ಊರಲ್ಲೇ ಇರಲಿ. ತೊಳೆಯುವುದು ತಪ್ಪಿದ್ದನ್ನೂ ಹೇಗೋ ನುಂಗುತ್ತಿದ್ದೆ. ಆದರೆ ನೀವು ನನ್ನಿಂದ ತೆಗೆದುಕೊಂಡದ್ದು ಬೇರೆ. ನಾನು ಪಾದ್ರಿಯನ್ನು ಬಾಗಿಲಿನಿಂದ ಹಿಂದೆ ಕಳಿಸಿದ್ದು ಅವರಿಗೆ ತಟ್ಟಿತೋ ಇಲ್ಲವೋ ಎಂದು ಕಣ್ಣಾರೆ ನೋಡಿದವರು ಈ ಲೋಕದಲ್ಲಿ ನೀವೊಬ್ಬರೇ. ಮಾರ್ಚ್ ಇಪ್ಪತ್ತರಂದು, ಎತ್ತಿ ಐದೇ ದಿನವಾಗಿದ್ದಾಗ, "ಶುಕ್ರವಾರ ಸ್ಮಶಾನ" ಎಂದು ನನಗೆ ಬರೆದವರೂ ನೀವೇ. ಹೊಸ ಮೇಣದ ಬಣ್ಣ ಎಂಬ ಮಾತು ನಾನು ನಿಮಗೆ ಬರೆದದ್ದು, ಅದನ್ನೇ ನೀವು ಹಿಂದಕ್ಕೆ ಕಳಿಸಿದಿರಿ. ನೋಡಿ ಬರೆದಿರೋ, ನನ್ನನ್ನು ಮಲಗಿಸಲು ಬರೆದಿರೋ? ಯಾರನ್ನು ಕೇಳಲಿ? ಮತ್ತೆ ನಿಮ್ಮನ್ನೇ ಕೇಳಬೇಕು.

ಹಾಗಾಗಿ ಕೇಳುತ್ತೇನೆ. ನಾಳೆ ಅವರ ಹೆಸರಿನಲ್ಲಿ ನಿಮ್ಮ ಇಗರ್ಜಿಯಲ್ಲಿ ಪ್ರಾರ್ಥನೆ ಇಡಿಸಿದ್ದೇನೆ. ನಾನು ಹೆಂಗಸರ ಕಡೆ ಗೋಡೆಯ ಪಕ್ಕ ನಿಂತಿರುತ್ತೇನೆ. ಗೋಧಿ ಹಂಚಿದ ಮೇಲೆ ನನ್ನ ಬಳಿ ಬಂದು ಬಣ್ಣ ಯಾವುದಿತ್ತೆಂದು ಬಾಯಿಬಿಟ್ಟು ಹೇಳಿ. ಆಣೆ ಬೇಡ. ಕಪ್ಪಾಗಿದ್ದರೆ ಕಪ್ಪು ಎನ್ನಿ. ನಂಬುತ್ತೇನೆಂದು ಮಾತು ಕೊಡಲಾರೆ. ಕ್ಷಮೆಯ ಮಾತು ನಾಳೆ ಬೇಡ, ಇಬ್ಬರೂ ಆಡುವುದು ಬೇಡ.

ಪೂಜೆ ಏಳಕ್ಕೆ ಶುರುವಾಗುತ್ತದೆ. ನನ್ನ ಬಸ್ಸು ಹನ್ನೊಂದಕ್ಕೆ.

ಸ್ತಮಾತಾ